ಕೈ ಹತ್ತಿದ ಲ್ಯಾಪ್‌ಟಾಪ್

ನಮ್ಮೂರಿನಲ್ಲಿ ಕೆಟ್ಟ ಸಾಮಾನನ್ನು ರಿಪೇರಿಗೆ ಕೊಟ್ಟು ಮನೆಗೆ ಹೋಗುವಂತಿಲ್ಲ. ಕೆಲಸ ಮುಗಿಯುವ ತನಕ ಅದು ಯಾರದ್ದೋ ಅವರು ಅದರ ಮೇಲೆ ಕೈ ಇಟ್ಟುಕೊಂಡು ಕೂತಿರಬೇಕು. ಕೈ ತೆಗೆದರೆ, ಇಲ್ಲವೇ ಬೇರೆಯವರ ಕೈ ಇದ್ದರೆ, ಮಾರನೆಯ ಬೆಳಗಿನ ಹೊತ್ತಿಗೆ ಹಾಕಿದ ಹೊಲಿಗೆ ಬಿಚ್ಚಿಕೊಂಡಿರುತ್ತದೆ, ಪಂಕ್ಚರ್ ಹಾಕಿದ ಟ್ಯೂಬು ಮತ್ತೆ ಉಸ್ಸೆಂದಿರುತ್ತದೆ. ಹಾಗಾಗಿ ಇಲ್ಲಿನ ರಿಪೇರಿ ಅಂಗಡಿಗಳಲ್ಲಿ ಸಾಮಾನಿಗಿಂತ ಬೆಂಚುಗಳೇ ಹೆಚ್ಚು. ಬಸ್ಸಿನ ಮಾಲೀಕರು ಗ್ಯಾರೇಜಿನಲ್ಲಿ ಒಂದು ಕೈಯನ್ನು ಬಂಪರಿನ ಮೇಲಿಟ್ಟು ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಬಿಚ್ಚುತ್ತಾರೆ. ಮಾಡಿನ ಹೆಂಚು ಕೈಯಾಡಿಸಿ ಮತ್ತೆ ಹೊದಿಸುವ ದಿನ ಮನೆಯಾಕೆ ಗೋಡೆಗೆ ಅಂಗೈ ಒತ್ತಿ ನಿಂತಿರುತ್ತಾಳೆ. ಪಕ್ಕದ ಮನೆಯವರು ಬಂದು ಅವಳ ಬೆನ್ನು ಕೆರೆದು ಹೋಗುತ್ತಾರೆ. ನಮ್ಮ ಬೀದಿಯ ಬೋರ್‌ವೆಲ್ ಪಂಪು ಸುಟ್ಟಾಗ ಬೀದಿಯವರೆಲ್ಲ ಪೈಪು ಹಿಡಿದು ಸಾಲಾಗಿ ನಿಂತಿದ್ದೆವು. ಮಾತು ಬಿಟ್ಟ ಎರಡು ಮನೆಯವರು ಅಕ್ಕಪಕ್ಕ ನಿಲ್ಲಬೇಕಾಗಿ ಬಂತು. ಮೊದಲು ಒಬ್ಬರ ಕಾಲು ಇನ್ನೊಬ್ಬರು ತುಳಿದರು, ಆಮೇಲೆ ಬೈದುಕೊಂಡರು, ನೀರು ಬರುವಷ್ಟರಲ್ಲಿ ಉಪ್ಪಿನಕಾಯಿಗೆ ಉಪ್ಪು-ಖಾರದ ಅಳತೆ ಕೇಳುವಷ್ಟು ಹತ್ತಿರವಾಗಿದ್ದರು.

ಯಾವುದು ಯಾರದ್ದು ಎನ್ನುವುದನ್ನು ರಸೀದಿ ಹೇಳುವುದಿಲ್ಲ. ಬಳಸಿ ಬಳಸಿ ವಸ್ತು ಕೈ ಹತ್ತಬೇಕು. ಹೊಸ ಸೈಕಲ್ ಕೊಂಡವನು ಅದರಿಂದ ಒಂದೆರಡು ಸಲ ಬಿದ್ದು ಮೊಣಕಾಲು ತರಚಿಕೊಳ್ಳುವ ತನಕ ಅದರ ಚೈನು ಕಟ್ಟಿದರೆ ನಿಲ್ಲುವುದಿಲ್ಲ. ಇದನ್ನು ನಾವು ಯಾರಿಗೂ ಬಿಡಿಸಿ ಹೇಳುವುದಿಲ್ಲ. ಹೊರಗಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಒಂದು ಮಿಕ್ಸಿ, ಎರಡು ಸೀರೆ ಹಾಳು ಮಾಡಿಕೊಂಡು ತಾವೇ ಕಲಿಯುತ್ತಾರೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಡಿಯಾರದ ಸರ್ಕಲ್ಲಿನಲ್ಲಿ ಮಹಾಲಿಂಗ ಮಾವನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ, ಅಲ್ಲಿ ನನ್ನದು ಕೈ ಕಾಯುವ ಕೆಲಸ. ಮಾವ ತಲೆ ಬಗ್ಗಿಸಿ ಕೆಲಸದಲ್ಲಿದ್ದಾಗ ಗಿರಾಕಿ ಮರೆತು ಕೈ ತೆಗೆದರೆ ಹೇಳಬೇಕು. ತಲೆ ಕೆರೆಯಲು, ಸೊಳ್ಳೆ ಹೊಡೆಯಲು, ಫೋನು ಬಂದರೆ ಜೇಬು ತಡಕಲು ಜನ ಕೈ ತೆಗೆದೇ ತೆಗೆಯುತ್ತಾರೆ. ಮುಖ ನೋಡಿ ಮಾತಾಡಲು ನನಗೆ ಇವತ್ತಿಗೂ ಆಗುವುದಿಲ್ಲ. ಕೈ ನೋಡುವುದಕ್ಕೆ ಆ ತೊಂದರೆ ಇಲ್ಲ. ಊರಿನವರ ಕೈಗಳೆಲ್ಲ ನನಗೆ ಗೊತ್ತು.

ಶಾಂಭವಕ್ಕನ ಕೈಯಂತೂ ಮೊದಲಿನಿಂದ ಗೊತ್ತು. ಅವಳ ಮನೆ ನಮ್ಮ ಮನೆಯ ಗೋಡೆಗೆ ಅಂಟಿಕೊಂಡಿದೆ. ಬಟ್ಟೆ ಹೊಲಿಯುತ್ತಾಳೆ, ತೋರುಬೆರಳಿನ ತುದಿಯಲ್ಲಿ ಸೂಜಿಯ ಕಪ್ಪು ಚುಕ್ಕೆಗಳಿವೆ. ಆ ದಿನ ಅವಳು ಲಂಗದ ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲೆ ಇಟ್ಟಾಗ ಮೇಜು ಸದ್ದು ಮಾಡಿತು. ದಪ್ಪನೆಯ ಲ್ಯಾಪ್‌ಟಾಪ್, ಒತ್ತಿದರೆ ಕೀಲಿಗಳ ಕೆಳಗೆಲ್ಲ ಕೆಂಪು ದೀಪ ಹತ್ತುವಂಥದ್ದು, ಗೇಮ್ ಆಡುವವರು ಕೊಳ್ಳುವಂಥದ್ದು.

"ಏನಾಗಿದೆ ಶಾಂಭವಿ?" ಎಂದ ಮಾವ.

"ಆಟ ತೆಗೆದ ಕೂಡ್ಲೆ ಗೆರೆಗೆರೆ ಬಂದು ಕಪ್ಪಗಾಗತ್ತೆ. ಬೇರೆ ಎಲ್ಲ ಸರಿಯಾಗೇ ಬರತ್ತೆ."

ಮಾವ ಯಾರು ಏನು ತಂದರೂ ಮೊದಲು ಕೇಳುವ ಪ್ರಶ್ನೆ ಒಂದಿದೆ. ಅದನ್ನೇ ಕೇಳಿದ. "ಇದು ಯಾರದ್ದು?"

"ನಂದೇ."

"ಆಟ ಯಾರು ಆಡೋದು?"

"ನಾನೇ. ಯಾಕೆ, ಆಡಬಾರ್ದಾ?"

ಬೆಂಚಿನಲ್ಲಿ ಟೀವಿ ರಿಮೋಟಿನ ಮೇಲೆ ಕೈ ಇಟ್ಟುಕೊಂಡಿದ್ದ ಕಾಯಿಪಲ್ಯದ ಗಿರಿಜಮ್ಮ ನಕ್ಕುಬಿಟ್ಟಳು. "ಆಡವ್ವ ಆಡು. ನನ್ನ ರವಿಕೆ ತಿಂಗಳಾದ್ರೂ ಯಾಕೆ ಬಂದಿಲ್ಲ ಅಂತ ಈಗ ತಿಳೀತು."

ಮಾವ ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಕೇಳಿದ. ಶಾಂಭವಕ್ಕ ತನ್ನ ತೀರಿಹೋದ ತಾಯಿಯ ಹೆಸರು ಹೇಳಿದಳು. ಒಳಗೆ ನೋಡಿದರೆ ಒಂದು ಸಾಲಿನ ಪಕ್ಕದಲ್ಲಿ, ಇದು ಕೆಟ್ಟಿದೆ ಎಂದು ಹೇಳುವ ಹಳದಿ ತ್ರಿಕೋನ ಕೂತಿತ್ತು. ಇಂಥ ಯಂತ್ರದಲ್ಲಿ ಚಿತ್ರ ಬಿಡಿಸುವುದಕ್ಕೆ ಎರಡು ಭಾಗಗಳಿರುತ್ತವೆ ಎಂದು ಮಾವ ವಿವರಿಸಿದ. ಅಕ್ಷರ, ಫೋಟೋ ತೋರಿಸಲು ಚಿಕ್ಕದೊಂದು; ಆಟ ಶುರುವಾದರೆ ಏಳುವುದು ದೊಡ್ಡದು, ಗ್ರಾಫಿಕ್ಸ್ ಕಾರ್ಡು. ಆ ದೊಡ್ಡದಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿಕೊಡುವ ಸಾಫ್ಟ್‌ವೇರಿಗೆ ಡ್ರೈವರ್ ಎನ್ನುತ್ತಾರೆ. ಬಹಳ ಕಾಲ ಮುಚ್ಚಿಟ್ಟಿದ್ದನ್ನು ಒಮ್ಮೆಲೇ ಆನ್ ಮಾಡಿದ್ದರಿಂದ ಅಪ್‌ಡೇಟುಗಳೆಲ್ಲ ಒಟ್ಟಿಗೆ ನುಗ್ಗಿ, ಹಳೆಯ ಡ್ರೈವರಿನ ಮೇಲೆ ಹೊಸದು ಅರ್ಧಂಬರ್ಧ ಕೂತಿತ್ತು.

"ಡ್ರೈವರು ಹೋದ್ರೆ ಬೇರೆಯವನನ್ನ ಇಟ್ಟುಕೊಂಡ್ರಾಯ್ತಪ್ಪ," ಎಂದಳು ಗಿರಿಜಮ್ಮ.

ಮಾವ ಫ್ಯಾನಿನ ಧೂಳು ತೆಗೆದ. ಬೇಕಾದಷ್ಟು ಮಾತ್ರ ಓಡುವ ಸೇಫ್ ಮೋಡಿಗೆ ಹೋಗಿ ಹಳೆಯದರ ಚೂರುಪಾರನ್ನೆಲ್ಲ ಗುಡಿಸಿ ಹಾಕಿದ. ಲ್ಯಾಪ್‌ಟಾಪ್ ಮಾಡಿದವರೇ ಕೊಟ್ಟಿದ್ದ ಹಳೆಯ ಡ್ರೈವರನ್ನು ಹುಡುಕಿ ಕೂರಿಸಿ, ತಾನಾಗಿ ಅಪ್‌ಡೇಟ್ ಆಗದಂತೆ ತಡೆ ಹಾಕಿದ. ಅಷ್ಟು ಹೊತ್ತೂ ಶಾಂಭವಕ್ಕನ ಅಂಗೈ ಲ್ಯಾಪ್‌ಟಾಪಿನ ಮೂಲೆಯಲ್ಲಿ ಅಲುಗದೆ ಇತ್ತು. ನಾನು ಒಮ್ಮೆಯೂ ಹೇಳಬೇಕಾಗಿ ಬರಲಿಲ್ಲ. ಆಟ ತೆಗೆದರೆ ಬೆಟ್ಟದ ರಸ್ತೆ, ಹಸಿರು ಮರ, ಒಂದು ಲಾರಿ, ಎಲ್ಲ ಥಳಥಳ ಹೊಳೆಯಿತು.

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಹಳದಿ ತ್ರಿಕೋನ ತಿರುಗಿ ಬಂದಿತ್ತು.

"ನಿಂದಲ್ಲ," ಎಂದ ಮಾವ.

"ತಂದುಕೊಟ್ಟಿದ್ದು ನಾನು."

"ತಂದುಕೊಟ್ಟಿದ್ದು ನೀನೇ ಮಾರಾಯ್ತಿ, ಯಾರು ಇಲ್ಲ ಅಂದ್ರು? ಕೈ ಹತ್ತಿರೋದು ನಂದೀಶಂಗೆ."

ನಂದೀಶ ಅವಳ ತಮ್ಮ. ತಾಯಿ ತೀರಿಕೊಂಡಾಗ ಅವನು ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅವಳೇ ಸಾಕಿದಳು. ಪಿಯುಸಿ ಮುಗಿಸಿದಾಗ ಅವನು ಕೇಳಿದ ಲ್ಯಾಪ್‌ಟಾಪನ್ನೇ ಕೊಡಿಸಿದಳು. ಅವನು ಕಾಲೇಜಿಗೆ ಹೋದದ್ದಕ್ಕಿಂತ ಅದರಲ್ಲಿ ಲಾರಿ ಓಡಿಸಿದ್ದು ಹೆಚ್ಚು. ಒಂದು ದಿನ ಮದುವೆಮನೆಯ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಅವಳು ಗುಂಡಿಗಳಿಗೆ ಕಾಜಾ ಮಾಡಿಕೊಡಲು ಕರೆದಳು. ಬಂದೆ, ಬಂದೆ ಎನ್ನುತ್ತ ಅವನು ಬರಲೇ ಇಲ್ಲ. ಅವಳು ಎದ್ದುಹೋಗಿ ಅವನ ಬೆರಳ ಕೆಳಗಿನಿಂದಲೇ ಅದನ್ನು ಎಳೆದು ಟ್ರಂಕಿಗೆ ಹಾಕಿ ಬೀಗ ಜಡಿದಳು. "ನಂದನ್ನ ಕೊಡು" ಎಂದ. "ನಿಂದು ಅಂತ ಈ ಮನೇಲಿ ಏನಿದೆಯೋ? ನೀನು ಬಿಡೋ ಉಸಿರೊಂದು ಬಿಟ್ಟು ಎಲ್ಲ ನಾನು ಹೊಲಿದು ತಂದಿದ್ದು" ಎಂದಳು. ಗೋಡೆಯ ಈಚೆ ಅನ್ನ ಬಸಿಯುತ್ತಿದ್ದ ನಮ್ಮಮ್ಮ ಗಂಜಿಯ ಪಾತ್ರೆಯನ್ನು ಕೆಳಗಿಟ್ಟಳು. ಬೇರೆ ಊರಿನಲ್ಲಾದರೆ ಅದು ಸಿಟ್ಟಿನಲ್ಲಿ ಬಂದ ಮಾತು. ನಮ್ಮೂರಿನಲ್ಲಿ ಒಬ್ಬನಿಗೆ ನಿನ್ನದೆಂಬುದೇ ಇಲ್ಲ ಎಂದು ಶತ್ರುವೂ ಹೇಳುವುದಿಲ್ಲ. ನಂದೀಶ ಹಾಗೆಯೇ ಎದ್ದು ಹೋದ. ಬಹಳ ದೂರವೇನೂ ಅಲ್ಲ. ನಮ್ಮ ಅಂಗಡಿಯ ಎದುರಿಗೆ, ಗಡಿಯಾರದ ಆಚೆ ಇರುವ ಬೇಕರಿಯಲ್ಲಿ ಕೆಲಸಕ್ಕೆ ಸೇರಿ ಅದರ ಅಟ್ಟದಲ್ಲಿ ಮಲಗತೊಡಗಿದ. ಅಂದಿನಿಂದ ಅಕ್ಕ ಬ್ರೆಡ್ಡು ತಿನ್ನುವುದನ್ನು ಬಿಟ್ಟಳು, ತಮ್ಮ ನಮ್ಮ ಬೀದಿಗೆ ಕಾಲಿಡುವುದನ್ನು ಬಿಟ್ಟ. ಹೀಗೇ ಎರಡು ವರ್ಷ ಆಗಿತ್ತು.

ಮಾವ ಸ್ಕ್ರೂಡ್ರೈವರಿನ ತುದಿಯನ್ನು ರಸ್ತೆಯ ಕಡೆ ಚಾಚಿದ. "ಅಲ್ಲೇ ಇದಾನೆ. ರಸ್ತೆ ದಾಟು, ಕರ್ಕೊಂಡು ಬಾ. ಒಂದು ಗಂಟೆ ಕೈ ಇಟ್ಟು ಹೋಗ್ಲಿ."

"ಬರಲ್ಲ ಅಂದುಬಿಟ್ರೆ?"

"ಕರೆದು ನೋಡು."

"ಕೆಟ್ಟಿದ್ದನ್ನ ಹಿಡ್ಕೊಂಡು ಯಾವ ಮುಖ ಇಟ್ಕೊಂಡು ಹೋಗ್ಲಿ ಮಾವ? ಕಿತ್ಕೊಂಡೋಳು ನಾನು, ಇಟ್ಟು ಹಾಳು ಮಾಡ್ದೋಳು ನಾನು. ಸರಿ ಮಾಡಿಸಿ ಕೈಗೆ ಕೊಟ್ಟು, ಬಾರೋ ಮನೆಗೆ ಅಂದ್ರೆ ಬರ್ತಾನೆ. ಬರಿಗೈಲಿ ಹೋದ್ರೆ ಬರಲ್ಲ."

ಮಾವ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. ಅವಳು ಸ್ವಲ್ಪ ಹೊತ್ತು ಹಳದಿ ತ್ರಿಕೋನವನ್ನೇ ನೋಡುತ್ತಿದ್ದು, "ಹಂಗಾದ್ರೆ ಇದು ನನ್ನ ಕೈ ಹತ್ತಬೇಕು, ಅಷ್ಟೇ ತಾನೇ?" ಎಂದಳು.

ಅವತ್ತಿನಿಂದ ಮಧ್ಯಾಹ್ನದ ಹೊಲಿಗೆ ನಿಲ್ಲಿಸಿ ಶಾಂಭವಕ್ಕ ನಮ್ಮ ಬೆಂಚಿನಲ್ಲಿ ಲಾರಿ ಓಡಿಸಲು ಕೂತಳು. ಮನೆಯಲ್ಲಿ ಆಡಿದರೆ ಗೋಡೆಯಾಚೆ ನಮ್ಮಮ್ಮನಿಗೆ ಕೇಳಿಸುತ್ತದೆಂದು ನಾಚಿಕೆ. ಡ್ರೈವರಿಲ್ಲದೆ ದೊಡ್ಡ ಕಾರ್ಡು ಏಳದಿದ್ದರಿಂದ ಚಿಕ್ಕದರಲ್ಲೇ ಆಟ ನಡೆಯಬೇಕಿತ್ತು. ಮಾವ ಚಿತ್ರದ ಗುಣಮಟ್ಟವನ್ನೆಲ್ಲ ತಳಕ್ಕೆ ಇಳಿಸಿ ಕೊಟ್ಟಿದ್ದ. ಮರಗಳು ಎಲೆಯಿಲ್ಲದ ಹಸಿರು ಡಬ್ಬಿಗಳ ಹಾಗೆ ಕಾಣುತ್ತಿದ್ದವು, ರಸ್ತೆ ತುಂಡುತುಂಡಾಗಿ ಹಾರಿ ಹಾರಿ ಬರುತ್ತಿತ್ತು. ಆ ಕುಲುಕಾಟದಲ್ಲಿ ಅವಳು ಮೊದಲ ದಿನವೇ ಒಂದು ಟೋಲ್ ಗೇಟು, ಒಂದು ಪೆಟ್ರೋಲ್ ಬಂಕು ಗುದ್ದಿದಳು. "ಅಯ್ಯೋ, ದನ! ದನ!" ಎಂದು ಗಿರಿಜಮ್ಮ ಕೂಗಿದರೆ, "ದನ ಅಲ್ಲ ಕಣಮ್ಮ, ಅದು ಕಾರು" ಎನ್ನುತ್ತ ಅದನ್ನೂ ಗುದ್ದಿದಳು. ಬರಬರುತ್ತ ಗಿರಾಕಿಗಳು ತಮ್ಮ ಕೆಲಸ ಮುಗಿದರೂ ಏಳದೆ ಹಿಂದೆ ನಿಂತು ದಾರಿ ಹೇಳತೊಡಗಿದರು. ಹೊಲಿಗೆ ಕೊಟ್ಟವರು ಬೈಯಲು ಬಂದು, ಘಟ್ಟದ ತಿರುವು ಮುಗಿಯುವ ತನಕ ಉಸಿರು ಹಿಡಿದು ನೋಡಿ, ಬೈಯುವುದನ್ನು ಮರೆತು ಹೋಗುತ್ತಿದ್ದರು.

ಒಂದು ದಿನ ಅವಳು ಏನೋ ತಪ್ಪಿ ಒತ್ತಿ ಲಾರಿಯನ್ನು ಹೊರಗಿನಿಂದ ತೋರಿಸುವ ನೋಟಕ್ಕೆ ಬಂದುಬಿಟ್ಟಳು. ಲಾರಿಯ ಪಕ್ಕೆಯ ಮೇಲೆ ನಂದೀಶ ತನ್ನ ಕಂಪನಿಯ ಹೆಸರು ಬರೆಸಿದ್ದ. ಆ ಚಿತ್ರದ ಮಸುಕಿನಲ್ಲೂ ಓದಬಹುದಿತ್ತು: ಅಕ್ಕ ಟ್ರಾನ್ಸ್‌ಪೋರ್ಟ್. ಅವಳ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು, ಲಾರಿ ರಸ್ತೆಯ ನಡುವೆ ಹೊಗೆ ಬಿಡುತ್ತ ನಿಂತಿತು. ಹಿಂದಿನ ವಾಹನಗಳು ಹಾರನ್ ಹೊಡೆಯತೊಡಗಿದಾಗ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಗೇರು ಹಾಕಿದಳು. ಆಮೇಲೆ ಆ ಲಾರಿಯನ್ನು ಯಾವುದಕ್ಕೂ ತಾಗಿಸಲಿಲ್ಲ. ಒಳ್ಳೆಯ ರೇಷ್ಮೆಗೆ ಕತ್ತರಿ ಹಾಕುವಾಗ ಇರುತ್ತದಲ್ಲ, ಅಂಥ ಕೈ ಬಂತು ಅವಳಿಗೆ. ತಮ್ಮ ನಿಲ್ಲಿಸಿದ್ದ ಊರನ್ನು ದಾಟಿ ಮುಂದಿನ ಊರುಗಳಿಗೆ ಸರಕು ಮುಟ್ಟಿಸಿದಳು. ಮಳೆ ಬಂದರೆ ವೈಪರ್ ಹಾಕಬೇಕೆಂದು ನೆನಪಿಸಬೇಕಾಗುತ್ತಿರಲಿಲ್ಲ. ರಾತ್ರಿ ಕನಸಿನಲ್ಲೂ ಓಡಿಸುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಳು.

ಆಗಾಗ ಮಾವ ಡ್ರೈವರನ್ನು ಮತ್ತೆ ತೆಗೆದು ಮತ್ತೆ ಕೂರಿಸುತ್ತಿದ್ದ, ಬೆಳಗಾದರೆ ಅದು ಹೋಗಿರುತ್ತಿತ್ತು. ಒಂದು ಸಲ ಮಾತ್ರ ಮಧ್ಯಾಹ್ನದ ತನಕ ನಿಂತಿತು. ಹತ್ತುತ್ತಿದೆ ಎಂದು ಅವಳ ಮುಖ ಅರಳಿತು. ಸಂಕ್ರಾಂತಿಯ ಹಿಂದಿನ ದಿನ ಕೂರಿಸಿದ್ದು ಹಬ್ಬದ ಬೆಳಿಗ್ಗೆಯೂ ಇತ್ತು, ಮಾರನೆಯ ದಿನವೂ ಇತ್ತು. ತ್ರಿಕೋನ ಇಲ್ಲ, ಗೆರೆ ಇಲ್ಲ. ಮರಗಳಿಗೆ ಎಲೆ ಬಂದಿತ್ತು. ಶಾಂಭವಕ್ಕ ಅಂಗಡಿಯಲ್ಲಿದ್ದವರ ಬಾಯಿಗೆಲ್ಲ ಎಳ್ಳುಬೆಲ್ಲ ಹಾಕಿದಳು.

"ನಿಂತಿತು ಮಾವ!"

"ನಿಂತಿತು," ಎಂದ ಮಾವ. ಎಳ್ಳುಬೆಲ್ಲ ಅವನ ಬಾಯಲ್ಲೇ ಇತ್ತು, ಅಗಿಯುತ್ತಿರಲಿಲ್ಲ. "ಇನ್ನು ಇದು ನಿಂದೇ."

ಅವಳು ಆ ಮಾತನ್ನು ಹೊಗಳಿಕೆ ಎಂದುಕೊಂಡಳು. ನಾನೂ ಹಾಗೆಯೇ ಎಂದುಕೊಂಡೆ.

ಅದೇ ದಿನ ಬೇಕರಿಗೆ ಹೊರಟೆವು. ಒಬ್ಬಳೇ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಚಾರ್ಜರಿನ ಇಟ್ಟಿಗೆಯಂಥ ಡಬ್ಬಿಯನ್ನು ಹೊತ್ತುಕೊಳ್ಳಲು ಎಂದು ನನ್ನನ್ನು ಕರೆದಳು. ಅವಳು ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ರಸ್ತೆ ದಾಟುವಾಗ ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಎದೆಗೆ ಅವಚಿಕೊಂಡಿದ್ದಳು, ಕೂಸನ್ನು ಎತ್ತಿಕೊಂಡ ಹಾಗೆ.

ನಂದೀಶ ಗಾಜಿನ ಕಪಾಟಿನೊಳಗೆ ಬನ್ನು ಜೋಡಿಸುತ್ತಿದ್ದ. ಅಕ್ಕನನ್ನು ಕಂಡು ತಟ್ಟೆ ಅಲ್ಲೇ ಬಿಟ್ಟ. "ಏನಕ್ಕ?"

"ಕೊಡಕ್ಕೆ ಬಂದೆ ಕಣೋ. ನೋಡು."

ಅವನು ಏಪ್ರನ್ನಿಗೆ ಕೈ ಒರೆಸಿಕೊಂಡು ಮುಚ್ಚಳ ಎತ್ತಿದ. ಕೆಂಪು ದೀಪ ಹತ್ತಿತು. ಲಾರಿ ಬಂತು. ಅವನ ಮುಖದಲ್ಲಿ ಎರಡು ವರ್ಷದ ಹಿಂದಿನ ನಗು ಬಂತು. ಗೋಡೆಯಾಚೆ ಕೇಳಿ ಮಾತ್ರ ಗೊತ್ತಿದ್ದ ಆ ನಗುವನ್ನು ನಾನು ಕಣ್ಣಲ್ಲಿ ಕಂಡದ್ದು ಅವತ್ತೇ.

"ಘಟ್ಟ ದಾಟಿದೀಯಾ! ನಂಗೆ ಆ ಮೂರನೇ ತಿರುವು ಒಂದ್ಸಲಾನೂ ಆಗ್ಲಿಲ್ಲ."

"ಎರಡನೇ ಗೇರಲ್ಲಿ ಇಳಿಸ್ಬೇಕು ಕಣೋ ಪೆದ್ದ. ಬ್ರೇಕ್ ಹಿಡಿದೇ ಇರಬಾರ್ದು."

"ನೀನು ನಂಗೆ ಹೇಳ್ಕೊಡ್ತೀಯ?"

"ಮತ್ತೆ? ಗಿರಿಜಮ್ಮನ್ನ ಕೇಳು."

ಇಬ್ಬರೂ ಪರದೆಯ ಮೇಲೆ ಬಾಗಿದ್ದರು, ತಲೆಗೆ ತಲೆ ತಾಗುವಷ್ಟು. ಅವನು ಲಾರಿಯನ್ನು ಸ್ವಲ್ಪ ದೂರ ಓಡಿಸಿ, "ಚಿತ್ರ ಎಲ್ಲ ಸರಿಯಾಗಿ ಬರ್ತಿದೆ. ಡ್ರೈವರ್ ಹೋಗಿದೆ ಅಂತಿದ್ರಲ್ಲ?" ಎಂದ.

"ಮಾವ ಹಾಕ್ಕೊಟ್ರು."

"ಕೈ ಯಾರು ಇಟ್ಟಿದ್ದು?"

"ನಾನೇ."

"ನಿಂತಿತಾ?"

"ನಿಂತಿತು ಕಣೋ!" ಎಂದಳು ಅವಳು, ಕ್ಲಾಸಿಗೆ ಮೊದಲು ಬಂದ ಹುಡುಗಿಯ ಹಾಗೆ. "ಎಷ್ಟು ದಿನ ಸತಾಯಿಸ್ತು ಗೊತ್ತಾ? ಆಡಿ ಆಡಿ ಹತ್ತಿಸ್ಕೊಂಡೆ."

ನಂದೀಶನ ಬೆರಳುಗಳು ಕೀಲಿಗಳ ಮೇಲಿಂದ ಎದ್ದವು. ಬೇರೆಯವರ ಮನೆಯಲ್ಲಿ ಕೇಳದೆ ಏನನ್ನೋ ಮುಟ್ಟಿದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಲಾರಿ ತಾನಾಗಿ ಮುಂದೆ ಹೋಗಿ ತಡೆಗೋಡೆಗೆ ಒರಗಿ ನಿಂತಿತು.

"ನಾನು ಕಾಯ್ತಿದ್ದೆ ಅಕ್ಕ," ಎಂದ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. "ಅದು ಕೆಟ್ಟಿದೆ ಅಂತ ಗೊತ್ತಾದಾಗ ಖುಷಿಯಾಯ್ತು ನಂಗೆ. ನನ್ನ ಕೈ ಇಲ್ದೆ ನಡಿಯಲ್ಲ, ಇವತ್ತಲ್ಲ ನಾಳೆ ಕರೀಲೇಬೇಕು ಅಂದ್ಕೊಂಡೆ. ದಿನಾ ಮಧ್ಯಾಹ್ನ ನೀನು ಆ ಬೆಂಚಲ್ಲಿ ಕೂರೋದು ಇಲ್ಲಿಗೆ ಕಾಣ್ತಿತ್ತು. ಕೈ ತೊಳ್ಕೊಂಡು ನಿಂತಿರ್ತಿದ್ದೆ."

ಶಾಂಭವಕ್ಕ ಲ್ಯಾಪ್‌ಟಾಪನ್ನು ಅವನ ಕಡೆಗೆ ತಳ್ಳಿದಳು. "ನಿಂಗೋಸ್ಕರನೇ ಅಲ್ವೇನೋ ಮಾಡ್ಸಿದ್ದು," ಎಂದಳು.

"ಗೊತ್ತು."

"ನೀನು ಆಡ್ತಾ ಆಡ್ತಾ ಮತ್ತೆ ನಿನ್ನ ಕೈ ಹತ್ತತ್ತೆ. ತಗೋ."

"ಹತ್ತಬಹುದು." ಅವನು ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿ ಅವಳ ಕಡೆಗೆ ಸರಿಸಿದ. "ಈಗ ನಂಗೆ ಆಟ ಬೇಡ ಅಕ್ಕ. ನೀನೇ ಇಟ್ಕೊ. ನನಗಿಂತ ಚೆನ್ನಾಗಿ ಓಡಿಸ್ತೀಯ." ಒಳಗಿನಿಂದ ಯಾರೋ ಓವನ್ನಿನ ಹೊತ್ತಾಯಿತೆಂದು ಕೂಗಿದರು. ಅವನು ಚಾರ್ಜರಿನ ವೈರನ್ನು ನೀಟಾಗಿ ಸುತ್ತಿ ನನ್ನ ಕೈಗೆ ಕೊಟ್ಟು ಒಳಗೆ ಹೋದ.

ಬಾರೋ ಮನೆಗೆ ಎಂದು ಅವಳು ಹೇಳಲೇ ಇಲ್ಲ. ಆ ಮಾತು ಹೇಳುವುದಕ್ಕೇ ಬಂದಿದ್ದಳು. ಲ್ಯಾಪ್‌ಟಾಪ್ ಕೊಟ್ಟ ಮೇಲೆ ಹೇಳೋಣ ಎಂದು ಇಟ್ಟುಕೊಂಡಿದ್ದಳು, ಅವನು ಅದನ್ನು ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ಅಂಗಡಿಗೆ ಬಂದವಳು ನೇರವಾಗಿ ಮಾವನ ಮುಂದೆ ಲ್ಯಾಪ್‌ಟಾಪ್ ಇಟ್ಟಳು. "ಇದನ್ನ ಮೊದಲಿನ ಹಾಗೆ ಕೆಡಿಸ್ಕೊಡಿ."

"ಏನು?"

"ಡ್ರೈವರ್ ಕಿತ್ತು ಹಾಕಿ. ಕಪ್ಪಗಾಗ್ಲಿ. ನಾನು ಹೋಗಿ ಕರೀತೀನಿ. ಕೆಟ್ಟಿದೆ ಬಾರೋ, ನಿನ್ನ ಕೈ ಬೇಕು ಅಂತೀನಿ."

ಮಾವ ಬಹಳ ಹೊತ್ತು ಕನ್ನಡಕ ಒರೆಸಿದ. "ಕೆಡಿಸೋದಕ್ಕೆ ಯಾರ ಕೈಯೂ ಬೇಡಮ್ಮ, ಈಗಲೇ ಕೆಡಿಸ್ತೀನಿ. ಆದ್ರೆ ಕೆಟ್ಟ ಮೇಲೂ ಅದು ನಿಂದೇ. ಅವನು ಇಡೀ ದಿನ ಕೈ ಇಟ್ಟು ಕೂತ್ರೂ ಬೆಳಿಗ್ಗೆಗೆ ನಿಲ್ಲಲ್ಲ. ಅದು ಅವನಿಗೂ ಗೊತ್ತು."

"ಮತ್ತೆ ಏನಂತ ಹೇಳಿ ಕರೀಲಿ?"

"ಹೆಸರು ಹಿಡಿದು ಕರಿ. ಅಷ್ಟೇ."

ಅಷ್ಟನ್ನೇ ಮಾಡಲಾಗದೆ ಅವಳು ಒಂದು ಯಂತ್ರವನ್ನು ರಿಪೇರಿ ಮಾಡಿಸಿದ್ದು, ಲಾರಿ ಓಡಿಸಲು ಕಲಿತದ್ದು, ಬೆಟ್ಟ ಹತ್ತಿ ಇಳಿದದ್ದು. ಅವಳು ಎದ್ದು ಅಂಗಡಿಯ ಮೆಟ್ಟಿಲಿಗೆ ಹೋಗಿ ನಿಂತಳು. ರಸ್ತೆಯಲ್ಲಿ ಜನ ಹೆಚ್ಚಿರಲಿಲ್ಲ. ಎದುರಿಗೆ ನಂದೀಶ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ, ಬೆನ್ನು ನಮ್ಮ ಕಡೆಗಿತ್ತು. ನಾನು ಒಳಗಿನಿಂದ ಅವಳನ್ನು ನೋಡುತ್ತಿದ್ದೆ. ಅವಳ ಹೆಗಲುಗಳು ಮೇಲೆದ್ದವು, ಉಸಿರು ತುಂಬಿಕೊಂಡವರಿಗೆ ಏಳುತ್ತವಲ್ಲ, ಹಾಗೆ. ಹಾಗೇ ನಿಂತು, ಆಮೇಲೆ ನಿಧಾನವಾಗಿ ಇಳಿದವು. ಅವನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದ. ಅವಳು ಮೆಟ್ಟಿಲಿಳಿದು ಮನೆಯ ಕಡೆ ನಡೆದಳು.

"ಕರೆದಳೇನೆ?" ಎಂದು ಮಾವ ತಲೆ ಎತ್ತದೆಯೇ ಕೇಳಿದ.

"ಕೇಳಿಸಲಿಲ್ಲ," ಎಂದೆ.

ಮಾವ ಮುಂದಿನ ಸ್ಕ್ರೂ ಬಿಚ್ಚುತ್ತ, "ನಿನಗೇ ಕೇಳಿಸಲಿಲ್ಲ ಅಂದ ಮೇಲೆ ಅವನಿಗೆ ಎಲ್ಲಿ ಕೇಳಿಸಿರತ್ತೆ," ಎಂದ.